ಕೇಳದೆ ಕೊಟ್ಟ ಮನೆ

ನನಗೊಂದು ಚಟವಿದೆ. ಯಾವ ಊರಿಗೇ ಹೋಗಲಿ, ಗೇಟಿಗೆ ತೂಗುಹಾಕಿದ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಕಂಡರೆ ಸಾಕು, ಕಾಲು ತಾನಾಗಿ ನಿಂತುಬಿಡುತ್ತದೆ. ಬಾಡಿಗೆ ಮನೆ ನನಗೆ ಬೇಕಿಲ್ಲ. ಇರುವ ಸ್ವಂತ ಮನೆಯ ಕಸ ಗುಡಿಸುವುದರಲ್ಲೇ ಸೊಂಟ ಬಿದ್ದುಹೋಗಿದೆ. ಆದರೂ ಬೋರ್ಡಿನ ಅಕ್ಷರ ಓದಬೇಕು, ಕಿಟಕಿ ಯಾವ ದಿಕ್ಕಿಗಿದೆ ನೋಡಬೇಕು, ನಲ್ಲಿ ಒಳಗಿದೆಯೋ ಹೊರಗಿದೆಯೋ ಇಣುಕಬೇಕು. ಒಂದು ಸಲ ಮಾಲೀಕರೇ ಹೊರಗೆ ಬಂದು ಎಷ್ಟು ಮಂದಿ ಇದ್ದೀರಿ ಎಂದು ಕೇಳಿದರು. ನಾನು ಪಕ್ಕಕ್ಕೆ ತಿರುಗಿದೆ. ನಮ್ಮ ಯಜಮಾನರು ರಸ್ತೆಯ ಆಚೆಗೆ ಹೋಗಿ, ಈಕೆ ಯಾರೋ ತನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಆಕಾಶ ನೋಡಿದರು.

ಮೊನ್ನೆ ತಮ್ಮನ ಮಗಳು ಬಂದಿದ್ದಳು. ಸಂಬಳದ ದುಡ್ಡಿನಲ್ಲಿ ಚಿಕ್ಕದೊಂದು ಮನೆ ಕೊಂಡು ಬಾಡಿಗೆಗೆ ಕೊಡಬೇಕು ಎಂಬ ಆಸೆ ಅವಳದು. ಅಜ್ಜನ ಕಾಲದಲ್ಲೇ ನಮ್ಮ ಮನೆಯಲ್ಲಿ ಬಾಡಿಗೆದಾರರು ಇದ್ದರಂತೆ, ಹೊಸದಾಗಿ ಮಾಲೀಕರಾಗುವವರಿಗೆ ಏನು ಸಲಹೆ ಕೊಡ್ತೀರಿ ಅತ್ತೆ ಅಂದಳು. ಸಲಹೆ! ಈ ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟು ಹಾಕಬೇಕು ಅಂತಲೂ ನನ್ನನ್ನು ಯಾರೂ ಕೇಳುವುದಿಲ್ಲ. ನಾನು ಕೂತಲ್ಲೇ ನೆಟ್ಟಗಾದೆ. ಗಂಟಲು ಸರಿಮಾಡಿಕೊಂಡೆ. ಮಾಲೀಕರಾದವರು ಮೊದಲು ಏನು ಮಾಡಬೇಕಪ್ಪಾ ಅಂದರೆ, ಅಂತ ಶುರುಮಾಡಿದೆ. ಅಷ್ಟರಲ್ಲಿ ಕುರಿಮರಿಗಳು ನೆನಪಾಗಿ ನಗು ಬಂದುಬಿಟ್ಟಿತು. ಅವಳಿಗೆ ಸಲಹೆ ಸಿಗಲಿಲ್ಲ. ನಿಮಗೂ ಸಿಗುವ ಭರವಸೆಯಿಲ್ಲ, ಆದರೂ ಕೂತು ಕೇಳಿ.

ನಮ್ಮಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದ. ನಮ್ಮ ಕೇರಿಯಿಂದ ತಿಂಗಳ ಸಂಬಳಕ್ಕೆ ಹೋದ ಮೊದಮೊದಲಿಗರಲ್ಲಿ ಅವನೂ ಒಬ್ಬ. ಎಪ್ಪತ್ತರ ದಶಕದುದ್ದಕ್ಕೂ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಅಂತ ವರ್ಗವಾಗುತ್ತಲೇ ಇದ್ದ. ಹೋದಲ್ಲೆಲ್ಲ ರೂಮು ಹುಡುಕಬೇಕು. ಮಾಲೀಕರು ಅಕ್ಕರೆಯಿಂದ ಮನೆ ತೋರಿಸುತ್ತಿದ್ದರಂತೆ. ಬಚ್ಚಲು, ಒಲೆ, ಹಿತ್ತಲು ಎಲ್ಲ ತೋರಿಸಿ, ಕೊನೆಗೆ ಚಾವಿ ಕೈಯಲ್ಲಿ ಹಿಡಿದುಕೊಂಡು, "ನೀವು ಯಾವ ಮಂದಿರಿ?" ಅನ್ನುತ್ತಿದ್ದರಂತೆ. ಅಪ್ಪನಿಗೆ ಸುಳ್ಳು ಬರುತ್ತಿರಲಿಲ್ಲ. ಹೇಳುತ್ತಿದ್ದ. ಹೇಳಿದ ಕೂಡಲೇ ಮಾಲೀಕರಿಗೆ ತಮ್ಮ ಅಳಿಯ ನೆನಪಾಗುತ್ತಿದ್ದ. ಅಯ್ಯೋ, ಮರೆತೇಬಿಟ್ಟಿದ್ದೆ, ಈ ಮನೆಗೆ ನಮ್ಮ ಅಳಿಯ ಬರುವವನಿದ್ದಾನೆ! ಹಡಗಲಿಯಲ್ಲಿ ಆ ವರ್ಷ ಬಂದಿಳಿಯಬೇಕಿದ್ದ ಅಳಿಯಂದಿರೆಲ್ಲ ಒಟ್ಟಿಗೇ ಬಂದಿದ್ದರೆ ಊರಿನ ಬಾವಿಗಳು ಬತ್ತಿಹೋಗುತ್ತಿದ್ದವು ಅಂತ ಅಪ್ಪ ನಗುತ್ತಿದ್ದ. ನಾವೂ ನಗುತ್ತಿದ್ದೆವು. ಅವ್ವ ಮಾತ್ರ ನಗುತ್ತಿರಲಿಲ್ಲ, ಆ ಊರುಗಳಲ್ಲಿ ಅಪ್ಪ ಕಚೇರಿಯ ಪಡಸಾಲೆಯಲ್ಲೇ ಮಲಗುತ್ತಿದ್ದದ್ದು ಅವಳಿಗೆ ಗೊತ್ತಿತ್ತು.

ಎಂಬತ್ತರ ಆಸುಪಾಸಿನಲ್ಲಿ ಅವನಿಗೆ ನಮ್ಮೂರು ಹಗರಿಬೊಮ್ಮನಹಳ್ಳಿಗೇ ವರ್ಗವಾಯಿತು. ನಾನಾಗ ಐದನೆಯ ಕ್ಲಾಸು. ರೈಲು ನಿಲ್ದಾಣದ ಆಚೆ, ಜಾಲಿಗಿಡಗಳ ನಡುವೆ ಅಪ್ಪ ಒಂದು ಜಾಗ ಕೊಂಡ. ಕೇರಿ ಬಿಟ್ಟು ಅಷ್ಟು ದೂರ ಯಾಕೆ ಅಂತ ಎಲ್ಲರೂ ಬೈದರು. ಅಪ್ಪನ ತಲೆಯಲ್ಲಿ ಎರಡು ಮನೆಗಳಿದ್ದವು. ಒಂದು ನಮಗೆ. ಇನ್ನೊಂದು, ಹೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ, ಬಾಡಿಗೆಗೆ!

ಕೇರಿಯಲ್ಲಿ ಸುದ್ದಿ ಹಬ್ಬಿತು. ನಮ್ಮ ದೊಡ್ಡಪ್ಪ ಬಂದು ಕಟ್ಟೆಯ ಮೇಲೆ ಕೂತು, ಮೊದಲು ಎಲೆಯಡಿಕೆ ಹಾಕಿಕೊಂಡು, ಆಮೇಲೆ ನಿಧಾನಕ್ಕೆ ಕೇಳಿದ.

"ಲೇ ತಮ್ಮಾ, ಮನಿ ಕಟ್ಟಸ್ತೀ ಖರೆ. ನಮ್ಮ ಮನ್ಯಾಗ ಬಾಡಿಗಿ ಇರಾಕ ಯಾರ್ ಬರ್ತಾರ?"

"ಮನಿ ಚಲೋ ಇದ್ರ ಬರ್ತಾರಣ್ಣ," ಅಂದ ಅಪ್ಪ.

ಅಲ್ಲಿಂದ ಮುಂದೆ ಅಪ್ಪನ ಮರ್ಯಾದೆಯೆಲ್ಲ ಆ ಒಂದು ಮಾತಿಗೆ ಕಟ್ಟುಬಿತ್ತು. ಯಾರಾದರೂ ಬರಬೇಕು, ಬಂದವರು ಇರಬೇಕು.

ಕಟ್ಟುವ ದಿನಗಳ ಸಂಭ್ರಮವನ್ನು ಏನೆಂದು ಹೇಳಲಿ! ನಮ್ಮ ಕಡೆಯ ಮನೆಗಳು ಮಣ್ಣಿನ ಮಾಳಿಗೆಯವು. ಬೇವಿನ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ನೀರು ಇಳಿಯದ ಸವಳು ಮಣ್ಣು. ಬೆಳಕಿಗೆ ಮಾಳಿಗೆಯ ನಡುವೆ ಒಂದು ತೂತು, ಅದೇ ಬೆಳಕಿಂಡಿ. ಕೇರಿಯ ಹೆಂಗಸರೆಲ್ಲ ಮಣ್ಣು ಹೊತ್ತರು. ನಾವು ಮಕ್ಕಳು ಕೆಸರಿಗೆ ಹೊಟ್ಟು ಬೆರೆಸಿ ತುಳಿದೆವು. ಸಂಜೆಗೆ ಕಾಲು ಯಾವುದು, ಕೆಸರು ಯಾವುದು ಗೊತ್ತಾಗುತ್ತಿರಲಿಲ್ಲ. ಅಪ್ಪನ ಧ್ಯಾನವೆಲ್ಲ ಬಾಡಿಗೆ ಮನೆಯ ಮೇಲೆ. ನಮ್ಮ ಮನೆಗೆ ಬರೀ ಸುಣ್ಣ, ಅದಕ್ಕೆ ನೀಲಿ ಬೆರೆಸಿದ ಸುಣ್ಣ. ನಮಗೆ ಹಳೆಯ ಒಳಕಲ್ಲು, ಅದಕ್ಕೆ ಹೊಸದು. ಬಾಗಿಲಿಗೆ ಹಿತ್ತಾಳೆಯ ಚಿಲಕ ಬಂದ ದಿನ ಅವ್ವ ತಡೆಯಲಾಗದೆ, ಆ ಮನೆಗೆ ತಾನೇ ಬಾಡಿಗೆಗೆ ಹೋಗುತ್ತೇನೆ, ಈ ಮನೆಯಲ್ಲಿ ಯಜಮಾನರೇ ರೊಟ್ಟಿ ಬಡಿದುಕೊಳ್ಳಲಿ ಅಂದಳು. ಬಾಡಿಗೆ ಮನೆಯನ್ನು ಸ್ವಂತ ಮನೆಗಿಂತ ಚೆನ್ನಾಗಿ ಕಟ್ಟಿಸಬೇಡಿ, ಹೆಂಡತಿ ಕೈಬಿಟ್ಟು ಹೋಗುತ್ತಾಳೆ. ನೋಡಿ, ಇದೊಂದು ಸಲಹೆ ಸಿಕ್ಕಿತು.

ಆಗ ಬಾಡಿಗೆ ಮನೆಯ ಸುದ್ದಿ ಚಹಾದ ಅಂಗಡಿಯಲ್ಲಿ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಅಪ್ಪನಿಗೆ ಅದು ಸಾಲಲಿಲ್ಲ. ಎಣ್ಣೆಡಬ್ಬಿಯ ತಗಡು ಬಡಿದು ಅಗಲ ಮಾಡಿ, ಬಿಳಿ ಬಣ್ಣ ಬಳಿದು, ಮೇಲೆ ಕೆಂಪಕ್ಷರದಲ್ಲಿ 'ಮನೆ ಬಾಡಿಗೆಗೆ ಇದೆ' ಎಂದು ಬರೆಸಿದ. ಆ ಬೋರ್ಡು ನೋಡಲಿಕ್ಕೆಂದೇ ಜನ ಬಂದರು. ನಾನಂತೂ ಶಾಲೆಯಲ್ಲಿ ಕಾಲು ನೆಲಕ್ಕಿಡಲಿಲ್ಲ. ನಮ್ಮದು ಬಾಡಿಗೆ ಮನೆ ಐತಿ ಅಂತ ಹೇಳಿಕೊಂಡು ತಿರುಗಿದೆ. ಹಾಗಂದರೆ ನೀವೇ ಬಾಡಿಗೆಗೆ ಇದ್ದೀರಿ ಅಂತ ಅರ್ಥ ಎಂದು ಗೆಳತಿಯೊಬ್ಬಳು ತಿದ್ದಿದಳು. ನಾನು ಅವಳ ಜೊತೆ ಮಾತು ಬಿಟ್ಟೆ.

ಮನೆ ನೋಡಲು ಬರುತ್ತಿದ್ದರು. ಬರುವವರಿಗೇನು ಕೊರತೆಯಿರಲಿಲ್ಲ. ನೀಲಿ ಗೋಡೆ ನೋಡಿ ಖುಷಿಪಡುತ್ತಿದ್ದರು. ಚಾವಿಗಾಗಿ ನಮ್ಮ ಬಾಗಿಲಿಗೆ ಬಂದಾಗ ಒಳಗಿನ ಗೋಡೆ ಕಾಣಿಸುತ್ತಿತ್ತು. ಅಲ್ಲಿ ಬುದ್ಧನ ಕ್ಯಾಲೆಂಡರು, ಪಕ್ಕದಲ್ಲಿ ನೀಲಿ ಕೋಟಿನ, ಕನ್ನಡಕದ ದೊಡ್ಡವರ ಫೋಟೊ. ಯಾರನ್ನೂ ಏನೂ ಕೇಳುವ ಅಗತ್ಯವಿರಲಿಲ್ಲ. ಒಬ್ಬರಿಗೆ ಕಚೇರಿ ದೂರವಾಯಿತು. ಇನ್ನೊಬ್ಬರ ಹೆಂಡತಿಗೆ ರೈಲಿನ ಸದ್ದಿಗೆ ತಲೆನೋವಂತೆ, ದಿನಕ್ಕೆ ಬರುವ ರೈಲುಗಳನ್ನು ಒಂದು ಕೈಯ ಬೆರಳಲ್ಲೇ ಎಣಿಸಬಹುದಿತ್ತು. ಫೋಟೊ ಒಳಗಿನ ಕೋಣೆಗೆ ಹಾಕೋಣವೇ ಅಂತ ಅವ್ವ ಒಂದು ದಿನ ಮೆಲ್ಲಗೆ ಕೇಳಿದಳು. ಅಪ್ಪ ಅವಳನ್ನು ನೋಡಿದ ರೀತಿಗೆ ಆ ಮಾತು ಮತ್ತೆ ಏಳಲಿಲ್ಲ. ಖಾಲಿ ಮನೆಯನ್ನು ನಾನು ದಿನಾ ಗುಡಿಸುತ್ತಿದ್ದೆ. ದೊಡ್ಡಪ್ಪ ವಾರಕ್ಕೊಮ್ಮೆ ಬಂದು ಬೀಗ ನೋಡಿಕೊಂಡು ಹೋಗುತ್ತಿದ್ದ.

ಆಗ ಬಂದ ನೋಡಿ ಮೈಲಪ್ಪ! ಖಾಸಗಿ ಬಸ್ಸೊಂದರ ಕಂಡಕ್ಟರು, ಹಡಗಲಿಯ ಕಡೆ ಮಾಗಳದವನು. ಕಿವಿಯ ಮೇಲೆ ಪೆನ್ನು, ಕುತ್ತಿಗೆಗೆ ಚರ್ಮದ ಚೀಲ. ಮನೆ ನೋಡಿದ, ನಮ್ಮ ಬಾಗಿಲಿಗೆ ಬಂದ, ಗೋಡೆಯನ್ನೂ ನೋಡಿದ. ಇನ್ನೇನು ಇವನ ಹೆಂಡತಿಗೂ ತಲೆನೋವು ಬಂತು ಅಂದುಕೊಂಡೆ. ಇವನು ಚಾವಿಗೆ ಕೈ ಚಾಚಿದ. ಚಾಚಿದವನು ತಾನು ಯಾವ ಮಂದಿ ಅಂತ ಮಾಲೀಕರು ಕೇಳುವುದನ್ನೇ ಕಾಯುತ್ತಾ ನಿಂತ. ಕೇಳುವುದು ರೂಢಿಯಲ್ಲವೇ? ಅಪ್ಪ ಕೇಳಲಿಲ್ಲ. ತಾನು ಮಾಲೀಕನಾದರೆ ಯಾರನ್ನೂ ಏನೂ ಕೇಳುವುದಿಲ್ಲ ಅಂತ ಹರಪನಹಳ್ಳಿಯ ಕಚೇರಿ ಪಡಸಾಲೆಯಲ್ಲಿ ಮಲಗಿಕೊಂಡೇ ಆಣೆ ಮಾಡಿಕೊಂಡಿದ್ದನಂತೆ. ಅದು ದೊಡ್ಡ ಮಾತು, ಒಪ್ಪುತ್ತೇನೆ. ಆದರೆ ಅಪ್ಪ ಆ ಆಣೆಯನ್ನು ಎಷ್ಟು ಉದ್ದಕ್ಕೆ ಎಳೆದನೆಂದರೆ, ಮನೆಯಲ್ಲಿ ಎಷ್ಟು ಜನ, ಯಾವತ್ತು ಬರುತ್ತೀರಿ, ಜೊತೆಗೆ ಏನೇನು ತರುತ್ತೀರಿ, ಒಂದನ್ನೂ ಕೇಳಲಿಲ್ಲ. ಚಾವಿ ಕೊಟ್ಟು, ಮಳೆ ಬರುವ ಹಾಗಿದೆ ಅಂತ ಹೇಳಿ ಒಳಗೆ ಬಂದುಬಿಟ್ಟ.

ಭಾನುವಾರ ಎತ್ತಿನ ಬಂಡಿ ಬಂತು. ಮುಂದೆ ಮೈಲಪ್ಪ, ಟ್ರಂಕಿನ ಮೇಲೆ ಅವನ ಹೆಂಡತಿ, ದೇವರ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹಣೆತುಂಬ ಭಂಡಾರ ಬಳಿದ ಅವನ ತಾಯಿ ಮಾಳವ್ವ. ಬಂಡಿಯ ಹಿಂದೆ ಕುರಿಮರಿಗಳು! ಒಂದಲ್ಲ ಎರಡಲ್ಲ, ಬಾಲ ಅಲ್ಲಾಡಿಸುತ್ತಾ ಒಂದು ಪಟಾಲಮ್ಮೇ ಬಂತು. ದೊಡ್ಡ ಕುರಿಗಳನ್ನು ಊರಲ್ಲಿ ಅಣ್ಣತಮ್ಮಂದಿರಿಗೆ ಬಿಟ್ಟು, ಮರಿಗಳನ್ನು ಮಾತ್ರ ಮಾಳವ್ವ ತನ್ನ ಜೊತೆ ತಂದಿದ್ದಳು. ಅವು ಅವಳನ್ನು ಬಿಟ್ಟು ಮಲಗುವುದಿಲ್ಲವಂತೆ. ಬಾಡಿಗೆದಾರರೆಂದರೆ ರೇಡಿಯೊ ಇರುವ, ಪೌಡರು ಹಚ್ಚುವ ಟೀಚರು ಅಂತ ಕನಸು ಕಂಡಿದ್ದ ನಾನು ಬಾಯಿ ತೆರೆದು ನಿಂತೆ. ಅವ್ವ ಅಪ್ಪನ ಕಡೆ ತಿರುಗಿದಳು.

"ಕುರಿಮರಿ ಅದಾವು ಅಂತ ಹೇಳಿದ್ರೇನು?"

"ನಾ ಕೇಳಿದ್ದಿಲ್ಲ," ಅಂದ ಅಪ್ಪ.

ಆದರೂ ಅವನ ಮುಖ ನೋಡಬೇಕಿತ್ತು! ಬಂದರಲ್ಲ! ಸೈಕಲ್ ಹತ್ತಿ ಕೇರಿಗೆ ಹೋಗಿ, ದೊಡ್ಡಪ್ಪನ ಮನೆಯ ಮುಂದೆ ಸುಮ್ಮನೆ ಎರಡು ಸಲ ಬೆಲ್ಲು ಹೊಡೆದು ಬಂದ. ನಾನು ಮಾಲೀಕರ ಮಗಳ ಗತ್ತಿನಲ್ಲಿ, ಗೋಡೆಗೆ ಮೊಳೆ ಹೊಡೆಯಬಾರದು ಅಂತ ಹೇಳಲು ಹೋದೆ. ಅಷ್ಟರಲ್ಲಿ ಮಾಳವ್ವ ಸಾರಿಸಿದ ನೆಲಕ್ಕೇ ದಪ್ಪನೆಯ ಗೂಟ ಹೊಡೆದು ಮರಿ ಕಟ್ಟಿದ್ದಳು. ಏನವ್ವಾ ಅಂದಳು. ಏನಿಲ್ಲ ಅಂದೆ.

ಬಂದದ್ದೇನೋ ಆಯಿತು. ಇರುತ್ತಾರೋ? ಅಪ್ಪನಿಗೆ ಅದೇ ಚಿಂತೆ. ಮಾಳವ್ವ ಒಳ್ಳೆಯವಳೇ. ಕುರಿಹಿಕ್ಕೆ ತಂದು ನಮ್ಮ ಬದನೆಗಿಡಕ್ಕೆ ಹಾಕುತ್ತಿದ್ದಳು, ನನ್ನ ತಲೆಯ ಸಿಕ್ಕು ಬಿಡಿಸುತ್ತಿದ್ದಳು, ಗೋಡೆಯಾಚೆ ನಿಂತು ಅವ್ವನ ಜೊತೆ ತಾಸುಗಟ್ಟಲೆ ಹರಟುತ್ತಿದ್ದಳು. ಆದರೆ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ, ನಮ್ಮ ಕೊಡ ಮುಟ್ಟುತ್ತಿರಲಿಲ್ಲ. ಅವ್ವನೂ ಜಾಣೆ. ಅವರಿಗೆ ಏನು ಕೊಟ್ಟರೂ ಹಸಿಯದೇ ಕೊಡುತ್ತಿದ್ದಳು. ರೊಟ್ಟಿಯಲ್ಲ, ಜೋಳದ ಹಿಟ್ಟು. ಪಲ್ಯವಲ್ಲ, ಬದನೆಕಾಯಿ. ಬೇಯಿಸಿದ್ದು ಕೊಟ್ಟರೆ ಅವರು ತಗೊಳ್ಳಬೇಕೋ ಬಿಡಬೇಕೋ ಅನ್ನುವ ಇಕ್ಕಟ್ಟಿಗೆ ಬೀಳುತ್ತಾರೆ, ಇಕ್ಕಟ್ಟಾದರೆ ಮನೆ ಬಿಡುತ್ತಾರೆ ಅಂತ ಅವಳ ಲೆಕ್ಕ. ಅಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ನಮ್ಮ ನಾಡಿನಲ್ಲಿ ಎದುರು ಸಿಕ್ಕವರನ್ನು ಮೊದಲು ಕೇಳುವುದೇ ಊಟ ಆತೇನ್ರಿ ಅಂತ. ಅಪ್ಪ ಮೈಲಪ್ಪನನ್ನಾಗಲಿ ಮಾಳವ್ವನನ್ನಾಗಲಿ ಅದನ್ನು ಮಾತ್ರ ಕೇಳುತ್ತಿರಲಿಲ್ಲ. ಆಗಿಲ್ಲ ಅಂದುಬಿಟ್ಟರೆ ಬನ್ನಿ ಅನ್ನಬೇಕಲ್ಲ! ಬದಲಿಗೆ, ಮರಿ ಮೇದವೇನ್ರಿ ಅನ್ನುತ್ತಿದ್ದ.

ಮೊದಲ ಮಳೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಮಾಳಿಗೆ ಮನೆಗಳಲ್ಲಿ ಮಳೆ ಬಂದ ಕೂಡಲೇ ಮೇಲೆ ಓಡಿ ಬೆಳಕಿಂಡಿ ಮುಚ್ಚಬೇಕು. ಬಾಡಿಗೆ ಮನೆಯದು ಮಾಲೀಕನ ಕೆಲಸ ಅಂತ ಅಪ್ಪ ತೀರ್ಮಾನಿಸಿಬಿಟ್ಟಿದ್ದ. ಮೋಡ ಗುಡುಗಿದ್ದೇ ತಡ, ಕೈಗೆ ಸಿಕ್ಕ ತಗಡು ಎತ್ತಿಕೊಂಡು ಏಣಿ ಹತ್ತಿದ. ಆ ತಗಡು ನಮ್ಮ ಕೆಂಪಕ್ಷರದ ಬೋರ್ಡೇ. ಮನೆ ತುಂಬಿದ ಮೇಲೆ ಅದಕ್ಕಿನ್ನೇನು ಕೆಲಸ? ಆದರೆ ನಮ್ಮಲ್ಲಿ ಯಾರ ಮಾಳಿಗೆ ಹತ್ತುವ ಮುಂಚೆಯೂ ಮಾಳಿಗಿ ಹತ್ತೀವ್ರೀ ಅಂತ ಕೂಗಬೇಕು, ಕೆಳಗೆ ಹೆಂಗಸರಿರುತ್ತಾರೆ, ಸೆರಗು ಸರಿಮಾಡಿಕೊಳ್ಳಲಿ ಅಂತ. ಅವಸರದಲ್ಲಿ ಅಪ್ಪ ಕೂಗಲಿಲ್ಲ. ಕೆಳಗೆ ಮಾಳವ್ವ ಎಣ್ಣೆ ಹಚ್ಚಿಕೊಂಡು ಕೂತಿದ್ದಳಂತೆ. ತಲೆಯ ಮೇಲೆ ಧಡಧಡ ಸದ್ದು ಕೇಳಿ ಅವಳು ಶುರುಮಾಡಿದ ಬೈಗುಳ ರೈಲು ನಿಲ್ದಾಣಕ್ಕೆ ಕೇಳಿಸಿತು. ಬೈಗುಳದ ನಡುವೆ 'ನಾನು, ಮನಿ ಮಾಲಕ್ರೀ' ಅಂತ ಕೂಗಲು ಅಪ್ಪನಿಗೆ ನಾಚಿಕೆ. ಸದ್ದು ಮಾಡಿದರೆ ಇನ್ನೂ ಬೈಯುತ್ತಾಳೆ ಅಂತ ಮಾಳಿಗೆಯ ಮೇಲೆ ಅಲ್ಲಾಡದೆ ನಿಂತ. ಮಳೆ ನಿಲ್ಲುವ ತನಕ ನಿಂತೇ ಇದ್ದ. ಇಳಿದು ಬಂದು ಸೀನುತ್ತಾ, ನಾಳೆ ಮನೆ ಖಾಲಿ ಮಾಡುತ್ತಾರೆ ಬಿಡು ಅಂದ. ಅವರು ಮಾಡಲಿಲ್ಲ. ಮಾಳವ್ವ ಮರುದಿನ ಗೋಡೆಯಾಚೆಯಿಂದ ಹಸಿಶುಂಠಿ ಕೊಟ್ಟು, ಮಾಲೀಕರಿಗೆ ಕಷಾಯ ಮಾಡಿಕೊಡು ಅಂತ ಅವ್ವನಿಗೆ ಹೇಳಿದಳು. ಅದೂ ಹಸಿಯದೇ.

ಒಂದು ವರ್ಷ ಕಳೆಯಿತು, ಎರಡನೆಯದೂ ಮುಗಿಯುತ್ತಾ ಬಂತು. ದೊಡ್ಡಪ್ಪ ಬೀಗ ನೋಡಲು ಬರುವುದನ್ನು ಬಿಟ್ಟ. ಕೇರಿಯ ಇನ್ನೊಬ್ಬರು, ತಾವೂ ಒಂದು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟರೆ ಹೇಗೆ ಅಂತ ಅಪ್ಪನ ಸಲಹೆ ಕೇಳಲು ಬಂದರು. ಅಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದ, ಏನೂ ಕೇಳಬ್ಯಾಡ್ರಿ, ಕುರಿ ಅದಾವೇನು ಅಂತ ಮಾತ್ರ ಕೇಳ್ರಿ.

ಆಗಲೇ ಮೈಲಪ್ಪನ ಬಸ್ಸಿನ ರೂಟು ಬದಲಾಯಿತು. ರಾತ್ರಿ ಬಸ್ಸು ನಿಲ್ಲುವುದು ಕೊಟ್ಟೂರಿನಲ್ಲಿ. ಅಲ್ಲೇ ಮನೆ ಮಾಡಬೇಕಾಯಿತು. ಯಾರದೋ ಮೂಲಕ ಮನೆ ಗೊತ್ತಾಗಿದೆ, ಮಾಲೀಕರನ್ನು ನೋಡಿಲ್ಲ, ಒಳ್ಳೆಯ ಮಂದಿಯಂತೆ ಅಂದ. ಹೊರಡುವ ಬೆಳಿಗ್ಗೆ ಅವ್ವ ಎಂದಿನಂತೆ ಜೋಳದ ಹಿಟ್ಟು, ಒಣಮೆಣಸಿನಕಾಯಿ ಕಟ್ಟಿಕೊಟ್ಟಳು. ಮಾಳವ್ವ ನಮ್ಮ ಹೊಸ್ತಿಲ ಹೊರಗೆ ನಿಂತು ತಗೊಂಡಳು. ನನ್ನ ಗಲ್ಲ ಸವರಿ ಹೋದಳು. ಅಪ್ಪ ಕಚೇರಿಗೆ ಹೋಗಲಿಲ್ಲ. ಆ ಖಾಲಿ ಮನೆಯೊಳಗೆ ಹೋಗಿ ಗೂಟ ಕಿತ್ತ ತೂತಿಗೆ ಮಣ್ಣು ಮೆತ್ತುತ್ತಾ ಕೂತ. ಇನ್ನೊಬ್ಬರು ಬರಲಿಕ್ಕೆ ಮತ್ತೆ ಎಷ್ಟು ಕಾಲವೋ ಅಂದ. ಅವನ ಧ್ವನಿ ಹಾಗೆ ಇಳಿದದ್ದನ್ನು ನಾನು ಕೇಳಿರಲಿಲ್ಲ.

ಅದೇ ದಿನ ಇಳಿಹೊತ್ತು. ಹೊರಗೆ ಬಸ್ಸಿನ ಹಾರನ್ನು, ಪೋಂ ಪೋಂ ಅಂತ ಬಿಡುವಿಲ್ಲದೆ! ನಮ್ಮ ಮನೆಯ ಹತ್ತಿರ ಸ್ಟಾಪೇ ಇರಲಿಲ್ಲ. ಓಡಿಹೋಗಿ ನೋಡಿದರೆ ಮೈಲಪ್ಪನ ಬಸ್ಸು. ಮೇಲೆ ಟ್ರಂಕು, ಕಂಬಳಿ ಗಂಟು, ಕೊಡಗಳು. ಒಳಗೆ ಪ್ರಯಾಣಿಕರ ತೊಡೆತೊಡೆಯ ಮೇಲೂ ಒಂದೊಂದು ಕುರಿಮರಿ. ಕಿಟಕಿಗಳಿಂದ ಮರಿಗಳನ್ನು ಇಳಿಸತೊಡಗಿದರು, ಹಿಡೀರಿ ಹಿಡೀರಿ ಅಂತ. ನಾನು ಹಿಡಿದೆ, ಅವ್ವ ಹಿಡಿದಳು, ರಸ್ತೆಯಲ್ಲಿ ಹೋಗುತ್ತಿದ್ದವರೂ ಹಿಡಿದರು. ಮರಿಗಳು ಯಾರನ್ನೂ ಕೇಳದೆ ನೇರ ನೀಲಿ ಮನೆಯೊಳಗೆ ನುಗ್ಗಿದವು. ಮೈಲಪ್ಪ, ಅವನ ಹೆಂಡತಿ ಇಳಿದ ಮೇಲೆ ಕೊನೆಗೆ ಮಾಳವ್ವ ಇಳಿದಳು. ಅವಳ ಮುಖ ಕೆಂಡವಾಗಿತ್ತು. ಅಪ್ಪ ಮಣ್ಣಿನ ಕೈಯಲ್ಲೇ ಹೊರಗೆ ಬಂದ.

"ಇಷ್ಟ್ ದಿನ ಯಾರ ಮನ್ಯಾಗ ಇದ್ರಿ ಅಂತ ಆ ಕೊಟ್ಟೂರಿನ ಮಾಲಕ್ರು ಕೇಳಿದ್ರು," ಅಂದಳು ಮಾಳವ್ವ. "ಇಂವ ನಿಮ್ಮ ಹೆಸರು ಹೇಳಿದ. ನಮ್ಮನ್ನ ಬಿಸಲಾಗ ನಿಂದ್ರಿಸಿ ಬಾಗಲಾ ಹಾಕ್ಕೊಂಡ್ರು. ನನಗ, ಈ ಮಾಳವ್ವಗ ಬಾಗಲಾ ಹಾಕಿದ್ರು!"

ಇಷ್ಟು ವಯಸ್ಸಿನಲ್ಲಿ ಅವಳ ಮುಖಕ್ಕೆ ಯಾರೂ ಬಾಗಿಲು ಹಾಕಿರಲಿಲ್ಲ. ಅಪ್ಪನಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ, ಆದರೂ ಅವನ ಮುಖದಲ್ಲಿ ನನಗೆ ಸಿಟ್ಟು ಕಾಣಿಸಿತು. ತನಗಾದಾಗಲೆಲ್ಲ ನಕ್ಕು ಹೇಳಿದವನಿಗೆ ಅವಳಿಗಾದದ್ದಕ್ಕೆ ನಗು ಬರಲಿಲ್ಲ. ಮೈಲಪ್ಪ ತಲೆ ತಗ್ಗಿಸಿಕೊಂಡು, ತಾನು ರಾತ್ರಿ ಬಸ್ಸಿನಲ್ಲೇ ಮಲಗುತ್ತೇನೆ, ದಿನ ಬಿಟ್ಟು ದಿನ ಮನೆಗೆ ಬರುತ್ತೇನೆ, ಇವರು ಇಲ್ಲೇ ಇರಲಿ ಅಂದ. ಬಸ್ಸು ಹೋಯಿತು. ಸಾಮಾನೆಲ್ಲ ರಸ್ತೆಯ ಬದಿಗೆ ಬಿದ್ದಿತ್ತು. ಅಪ್ಪ ಕೈಯ ಮಣ್ಣು ಕೊಡವಿಕೊಂಡ. ಮಾಳವ್ವನ ಮುಖ ನೋಡಿದ. ಎರಡು ವರ್ಷದಿಂದ ನುಂಗಿಕೊಂಡಿದ್ದ ಮಾತು ಆಗ ಹೊರಗೆ ಬಂತು.

"ಊಟ ಆತೇನ್ರಿ?"

ಆಗೈತ್ರಿ ಅಂದುಬಿಟ್ಟರೆ ಎಲ್ಲರಿಗೂ ಸುಲಭ. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

"ಇಲ್ಲಪ್ಪ, ಮುಂಜಾನಿಂದ ಆಗಿಲ್ಲ," ಅಂದಳು ಮಾಳವ್ವ. "ಏನೈತಿ ನಿಮ್ಮನ್ಯಾಗ?"

ಅಂದವಳೇ ಸೊಸೆಯ ಕೈ ಹಿಡಿದುಕೊಂಡು, ಹೊಸ್ತಿಲು ದಾಟಿ, ಫೋಟೊದ ಕೆಳಗೆ ಗೋಡೆಗೊರಗಿ ಕೂತುಬಿಟ್ಟಳು. ಅವ್ವ ಒಲೆಯ ಕಡೆ ಹಾರಿದಳು ಅಂದರೂ ಸರಿಯೇ. ರೊಟ್ಟಿ ಬಡಿಯುವ ಸದ್ದು ಹಾಗೆ ಅವಸರ ಮಾಡಿದ್ದನ್ನು ನಾನು ಆಮೇಲೆ ಯಾವತ್ತೂ ಕೇಳಿಲ್ಲ. ಅಪ್ಪ ತಾನೇ ತಂಬಿಗೆಯಲ್ಲಿ ನೀರು ತಂದಿಟ್ಟ. ಮಾಳವ್ವ ಗಟಗಟ ಕುಡಿದಳು. ರೊಟ್ಟಿ ಬಂತು, ಪುಂಡಿಪಲ್ಯ ಬಂತು. ಅವಳು ತುತ್ತು ಬಾಯಿಗಿಟ್ಟಳು, ಜಗಿದಳು, ಅವ್ವನ ಕಡೆ ತಿರುಗಿದಳು.

"ಖಾರ ಸಾಲದು ನೋಡವ್ವ. ಪಲ್ಯ ಮಾಡಾಕ ಬರಂಗಿಲ್ಲ ನಿನಗ."

ಹೊರಗಿನವರೊಬ್ಬರು ಅವ್ವನ ಅಡುಗೆಯಲ್ಲಿ ಕೊಂಕು ತೆಗೆದು ಹೆಸರಿಟ್ಟದ್ದು ಅದೇ ಮೊದಲು. ಹೆಸರಿಡಬೇಕಾದರೆ ತಿನ್ನಬೇಕಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ಹೌದ್ರಿ, ಖಾರ ಕಡಿಮಿ ಆಗೈತಿ, ನನಗ ಬರಂಗೇ ಇಲ್ಲ ಅಂತ ನಗುನಗುತ್ತಾ ಒಪ್ಪಿಕೊಂಡಳು. ನಾನು ಬೆರಳಲ್ಲಿ ಒಂದಿಷ್ಟು ಪಲ್ಯ ತೆಗೆದು ನೆಕ್ಕಿದೆ. ನಾಲಿಗೆ ಚುರ್ ಅಂದು ಕಣ್ಣಲ್ಲಿ ನೀರು ಬಂತು. ಖಾರ ಸರಿಯಾಗಿಯೇ ಇತ್ತು.